ನಾಲ್ಕನೆಯ ಕಾದಂಬರಿಗೆ ಮುನ್ನ: ಓದುಗರ ಪ್ರಶ್ನೆ, ನನ್ನ ಉತ್ತರ

ಈ ತಿಂಗಳ ಪತ್ರಗಳಲ್ಲಿ ಬಹುಪಾಲು ನಾಲ್ಕನೆಯ ಕಾದಂಬರಿಯ ಸುತ್ತಲೇ ಇವೆ. ಸರಣಿಯನ್ನು ಓದದವರಿಗಾಗಿ ಮೊದಲು ಎರಡು ಮಾತು. ಕಾರವಾರಕ್ಕೂ ಅಂಕೋಲೆಗೂ ನಡುವೆ ನಾನೇ ಕಟ್ಟಿಕೊಂಡ ಒಂದು ಕಡಲತಡಿಯ ಊರು. ಅಲ್ಲಿ ಬೇಲಿಗೆ ಬೇಲಿ ತಾಗಿದ ಎರಡು ಮನೆ. ಮೊದಲನೆಯ ಕಾದಂಬರಿಯ ಸಾವಿತ್ರಿ 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನೋಡಲು ಅಪ್ಪನ ಬೆನ್ನಿಗೆ ಓಡಿದ ಹನ್ನೆರಡರ ಹುಡುಗಿ. ಎರಡನೆಯದರಲ್ಲಿ ಅವಳ ಮಗ ಗಣಪತಿಯೂ ಪಕ್ಕದ ಮನೆಯ ದಾಮೋದರನೂ ಸೇರಿ ಒಂದು ಕೈರಂಪಣಿ ಬಲೆ ಮಾಡಿಸುತ್ತಾರೆ. ಮೂರನೆಯದರಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಆ ಊರೇ ಎದ್ದುಹೋಗುತ್ತದೆ. ಗಣಪತಿಯ ಮಗಳು ಮಾಲಿನಿ ಬಾಗಿಲ ಚೌಕಟ್ಟು, ಹಂಚು, ತೊಟ್ಟಿಲುಗಳನ್ನು ಲಾರಿಗೆ ಹೇರಿಸುವಲ್ಲಿಗೆ ಆ ಪುಸ್ತಕ ಮುಗಿದಿದೆ.

ಪ್ರಶ್ನೆ: ಲಾರಿ ಹೊರಟಿತು, ಕಥೆ ನಿಂತಿತು. ಮುಂದಿನದು ನಿಮ್ಮ ತಲೆಯಲ್ಲಿ ಪೂರ್ತಿ ಸಿದ್ಧವಾಗಿದೆಯೇ? ಬರೆಯುವ ಮೊದಲು ಎಷ್ಟನ್ನು ನಿರ್ಧರಿಸುತ್ತೀರಿ? (ಕುಮಟಾದ ಓದುಗರೊಬ್ಬರು)

ಉತ್ತರ: ಘಟನೆಗಳನ್ನು ನಿರ್ಧರಿಸುತ್ತೇನೆ, ಮನುಷ್ಯರ ತೀರ್ಮಾನಗಳನ್ನು ನಿರ್ಧರಿಸುವುದಿಲ್ಲ. ಇದು ನನ್ನ ಕೆಲಸದ ಮುಖ್ಯ ನಿಯಮ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊಸ ಪುಸ್ತಕದ ಯೋಚನೆ ಶುರುವಾದಾಗ ಹೊಸ ಕಥೆಯನ್ನು ಹುಡುಕಿಕೊಂಡು ನಾನು ಹೊರಡುವುದಿಲ್ಲ. ಹಳೆಯ ಪುಸ್ತಕಗಳನ್ನು ಪೆನ್ಸಿಲ್ ಹಿಡಿದು ಮತ್ತೆ ಓದುತ್ತೇನೆ. ಓದುತ್ತ ಒಂದೇ ಒಂದು ಪಟ್ಟಿ ಮಾಡುತ್ತೇನೆ: ಯಾರು ಯಾರಿಗೆ ಏನನ್ನು ಬಾಕಿ ಉಳಿಸಿಕೊಂಡಿದ್ದಾರೆ? ಹಣವಿರಬಹುದು, ಕೊಟ್ಟ ಮಾತಿರಬಹುದು, ಕೇಳಬೇಕಾಗಿದ್ದ ಕ್ಷಮೆಯಿರಬಹುದು, ಹೇಳಬೇಕಾಗಿದ್ದು ಹೇಳದೆ ಬಿಟ್ಟ ಸುದ್ದಿಯಿರಬಹುದು. ಈ ಪಟ್ಟಿಯಲ್ಲಿ ನನಗೆ ಸಿಕ್ಕಿದ್ದು ಎರಡನೆಯ ಕಾದಂಬರಿಯ ಒಂದು ಸಣ್ಣ ಸಂಗತಿ. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟುಗಳು ನಮ್ಮ ಕರಾವಳಿಗೆ ಬಂದವು. ಬಂಗಡೆ, ತಾರ್ಲೆಯ ಹಿಂಡುಗಳನ್ನು ಅವು ಕಡಲಿನಲ್ಲೇ ಸುತ್ತುವರಿದು ಎತ್ತತೊಡಗಿದ ಮೇಲೆ ದಡದಲ್ಲಿ ನಿಂತು ಎಳೆಯುವ ರಂಪಣಿಗೆ ಮೀನು ಬರುವುದು ಕಡಿಮೆಯಾಯಿತು. ಆ ಕಾಲದಲ್ಲೇ ಗಣಪತಿ ಇಬ್ಬರಿಗೂ ಸೇರಿದ್ದ ಆ ಬಲೆಯನ್ನು ಮಾರಿದ. ದಾಮೋದರ ಆಗ ಆಸ್ಪತ್ರೆಯಲ್ಲಿದ್ದ. ಅವನ ಅರ್ಧ ಪಾಲು ಅವನ ಕೈಸೇರಿತೋ ಇಲ್ಲವೋ ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಓದುಗರಲ್ಲಿ ಯಾರೂ ಅದನ್ನು ಇದುವರೆಗೆ ಕೇಳಿಲ್ಲ. ಸೇರಿಲ್ಲ ಎಂಬುದು ನನಗೆ ಗೊತ್ತಿದೆ.

ಈಗ ಆ ಬಾಕಿ ಎದ್ದು ನಿಲ್ಲುವಂಥ ಸನ್ನಿವೇಶ ಬೇಕು. ಅದನ್ನು ಇತಿಹಾಸವೇ ಕೊಡುತ್ತದೆ. ನೌಕಾನೆಲೆಗೆ ಜಮೀನು ಕೊಟ್ಟವರು ಪರಿಹಾರ ಸಾಲದೆಂದು ಹೂಡಿದ ದಾವೆಗಳು ವರ್ಷಗಟ್ಟಲೆ ನಡೆದವು. 1894ರ ಭೂಸ್ವಾಧೀನ ಕಾಯ್ದೆಯ 18ನೆಯ ಕಲಮಿನಂತೆ, ಅಧಿಕಾರಿ ಗೊತ್ತುಮಾಡಿದ ಮೊತ್ತವನ್ನು ಒಪ್ಪದವರು ತಮ್ಮ ತಕರಾರನ್ನು ನ್ಯಾಯಾಲಯಕ್ಕೆ ಕಳಿಸಲು ಕೇಳಬಹುದಿತ್ತು. ದಾವೆಯೆಂದರೆ ಕಾಗದ. ಪಹಣಿ, ಕಂದಾಯದ ರಸೀದಿ, ತೆಂಗಿನ ಮರಗಳ ಲೆಕ್ಕ, ಹಳೆಯ ಖರೀದಿ ಪತ್ರ, ಎಲ್ಲವೂ ಬೇಕು. ಉಪನೋಂದಣಿ ಕಚೇರಿಯಲ್ಲಿ ಬಹುಕಾಲ ಗುಮಾಸ್ತೆಯಾಗಿ ಕೆಲಸ ಮಾಡಿದವಳಾದ್ದರಿಂದ, ಒಂದು ಕಾಗದ ಹುಡುಕಲು ಪೆಟ್ಟಿಗೆ ತೆರೆದವರ ಕೈಗೆ ಇನ್ನೊಂದು ಕಾಗದ ಸಿಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮಾಲಿನಿ ದಾವೆಗಾಗಿ ಅಜ್ಜಿಯ ಟ್ರಂಕು ತೆರೆಯುತ್ತಾಳೆ. ಕಂದಾಯದ ರಸೀದಿಗಳ ನಡುವೆ ಬಲೆ ಮಾರಿದ ಚೀಟಿ ಇದೆ. ಚೀಟಿಯಲ್ಲಿ ಮೊತ್ತವಿದೆ, ಅಪ್ಪನ ಸಹಿಯಿದೆ, ದಾಮೋದರನ ಸಹಿಯಿಲ್ಲ. ಪುನರ್ವಸತಿಯ ಕಾಲನಿಯಲ್ಲಿ ಎರಡು ಮನೆಗಳಿಗೂ ಪಕ್ಕಪಕ್ಕದ ನಿವೇಶನ ಸಿಕ್ಕಿದೆ. ದಾಮೋದರನ ಮಗ ಅದೇ ದಾವೆಗೆ ಸಾಕ್ಷಿ ಹೇಳಲು ಮಾಲಿನಿಯ ಜೊತೆ ಕಾರವಾರದ ಬಸ್ ಹತ್ತುತ್ತಾನೆ.

ಇಷ್ಟನ್ನು ಗಟ್ಟಿಯಾಗಿ ಬರೆದಿಟ್ಟಿದ್ದೇನೆ. ಮಾಲಿನಿ ಆ ಚೀಟಿಯನ್ನು ಅವನಿಗೆ ತೋರಿಸುತ್ತಾಳೆಯೇ ಎಂಬುದನ್ನು ಬರೆದಿಟ್ಟಿಲ್ಲ. ನಮ್ಮ ಕಡೆಯ ತಾಳಮದ್ದಲೆಯನ್ನು, ಅಂದರೆ ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ಕೇಳಿದವರಿಗೆ ಈ ಪದ್ಧತಿ ಕೂಡಲೇ ತಿಳಿಯುತ್ತದೆ. ಪ್ರಸಂಗದ ಪದ್ಯಗಳು ಮೊದಲೇ ಗೊತ್ತು, ಭಾಗವತರು ಯಾವುದರ ಬಳಿಕ ಯಾವುದನ್ನು ಹಾಡುತ್ತಾರೆಂಬುದೂ ಗೊತ್ತು. ವೇಷವಿಲ್ಲದೆ ಕುಳಿತ ಅರ್ಥಧಾರಿ ಆ ಪದ್ಯಕ್ಕೆ ಆ ರಾತ್ರಿ ಏನು ಮಾತಾಡುತ್ತಾನೆ, ಎದುರಾಳಿಯ ಯಾವ ಮಾತಿಗೆ ತಡವರಿಸುತ್ತಾನೆ ಎಂಬುದು ಮಾತ್ರ ಮೊದಲೇ ಗೊತ್ತಿರುವುದಿಲ್ಲ. ಪದ್ಯಗಳ ಕ್ರಮ ಸಡಿಲವಾಗಿದ್ದರೆ ಅರ್ಥಧಾರಿಗೆ ಆಧಾರವಿಲ್ಲ. ಅರ್ಥವನ್ನೂ ಬರೆದು ಬಾಯಿಪಾಠ ಮಾಡಿಸಿದರೆ ಕೇಳುವವರು ಹತ್ತು ಗಂಟೆಗೇ ಮನೆಗೆ ಹೋಗುತ್ತಾರೆ. ನನ್ನ ಯೋಜನೆಯಲ್ಲಿ ವರ್ಷ, ಋತು, ಸ್ಥಳ, ಕಾಗದಪತ್ರ, ಯಾವ ಸತ್ಯ ಯಾವ ಅಧ್ಯಾಯದಲ್ಲಿ ಯಾರ ಕಣ್ಣಿಗೆ ಬೀಳಬೇಕು ಎಂಬುದೆಲ್ಲ ಖಚಿತ. ಅದನ್ನು ಕಂಡವರು ಏನು ಮಾಡುತ್ತಾರೆ ಎಂಬುದಕ್ಕೆ ಜಾಗ ಖಾಲಿ.

ಅಧ್ಯಾಯಗಳ ನಕ್ಷೆಯಲ್ಲಿ ಪ್ರತಿ ಅಧ್ಯಾಯಕ್ಕೂ ಒಂದೆರಡು ಸಾಲು ಸಾಕು. ಯಾರಿಗೆ ಏನು ಬೇಕಾಗಿದೆ, ಯಾರು ಅಥವಾ ಯಾವುದು ಅಡ್ಡ ಇದೆ, ಅಧ್ಯಾಯ ಮುಗಿದಾಗ ಏನು ಬದಲಾಗಿದೆ. ಮೂರನೆಯದಕ್ಕೆ ಉತ್ತರ ಸಿಗದ ಅಧ್ಯಾಯವನ್ನು, ಅದರಲ್ಲಿ ಎಷ್ಟೇ ಚಂದದ ಮಳೆಯ ವರ್ಣನೆ ಬರಲಿದ್ದರೂ, ನಕ್ಷೆಯಲ್ಲೇ ಹೊಡೆದುಹಾಕುತ್ತೇನೆ. ಆ ಮಳೆ ಬೇರೆ ಅಧ್ಯಾಯದಲ್ಲಿ ಸುರಿದೀತು.

ಪ್ರಶ್ನೆ: ನನ್ನ ಮೊದಲ ಕಾದಂಬರಿ ಅಡಿಕೆ ತೋಟದ ಮನೆತನವೊಂದರದು. ಅಣ್ಣ-ತಮ್ಮಂದಿರು ಹಿಸೆಯಾಗುವಲ್ಲಿಗೆ ಮುಗಿಯುತ್ತದೆ. ಮುಂದಿನ ಭಾಗ ಬರೆಯಬೇಕೆಂದು ಎಲ್ಲರೂ ಹೇಳುತ್ತಾರೆ. ಎರಡು ಸಲ ಶುರುಮಾಡಿದೆ. ಎರಡು ಸಲವೂ ಅದೇ ಜಗಳವೇ ಬರುತ್ತಿದೆ. ಎಲ್ಲಿಂದ ಹಿಡಿಯಲಿ? (ಶಿರಸಿ ಸಮೀಪದ ಹಳ್ಳಿಯ ಯುವ ಬರಹಗಾರರು)

ಉತ್ತರ: ತಮ್ಮಾ, ನಿಮ್ಮ ಪತ್ರವನ್ನು ತುಂಬ ಸಂತೋಷದಿಂದ ಓದಿದೆ. ನಿಮ್ಮ ಕೈಯಲ್ಲಿ ಒಳ್ಳೆಯ ಎರಡನೆಯ ಕಾದಂಬರಿಯೊಂದು ಆಗಲೇ ಇದೆ.

ಅದೇ ಜಗಳ ಬರುವುದಕ್ಕೆ ಕಾರಣ ಸರಳ. ಅದೇ ಅಣ್ಣನನ್ನೂ ಅದೇ ತಮ್ಮನನ್ನೂ ಎದುರುಬದುರು ನಿಲ್ಲಿಸಿದ್ದೀರಿ. ಹಿಸೆಯ ಪ್ರಶ್ನೆ ಅವರ ಮಟ್ಟಿಗೆ ಮುಗಿಯಿತು. ಪಂಚರು ಕುಳಿತರು, ಪಾತ್ರೆಗಳೂ ಪಾಲಾದವು. ಆ ಪ್ರಶ್ನೆ ಯಾರ ಮಟ್ಟಿಗೆ ಮುಗಿದಿಲ್ಲ? ಹಿಸೆಯ ಮಾತುಕತೆಯಲ್ಲಿ ಜಗಲಿಗೆ ಕರೆಯಿಸಿಕೊಳ್ಳದವರು ಯಾರು? ನಿಮ್ಮ ಸಾರಾಂಶದಲ್ಲಿ ಒಂದೇ ವಾಕ್ಯದಲ್ಲಿ ಬಂದುಹೋಗುವ ಕಿರಿಯ ಸೊಸೆಯ ಮೇಲೆ ನನ್ನ ಕಣ್ಣು ನಿಂತಿದೆ. ಎರಡನೆಯ ಪುಸ್ತಕವನ್ನು ಅವಳ ಕೈಗೆ ಕೊಟ್ಟು ನೋಡಿ.

ಇನ್ನು ಹಿಸೆಯ ಮರುದಿನದಿಂದ ಶುರುಮಾಡಬೇಡಿ. ಹಾಗೆಂದು ಹತ್ತು ವರ್ಷ ಹಾರುವುದೂ ಬೇಡ. ಹಾರಿದರೆ ಮಕ್ಕಳು ದೊಡ್ಡವರಾಗಿರುತ್ತಾರೆ, ಗಾಯ ಮಾಯ್ದಿರುತ್ತದೆ. ತೋಟವೇ ನಿಮಗೆ ತಾರೀಖು ಕೊಡುತ್ತದೆ. ಹಿಸೆಯಾದದ್ದು ಕೊಯ್ಲು ಮುಗಿದ ಮೇಲೆ, ಬೇಸಿಗೆಯಲ್ಲಿ ಎಂದು ಬರೆದಿದ್ದೀರಿ. ಹಾಗಾದರೆ ಮೊದಲ ಪರೀಕ್ಷೆ ಬರುವುದು ಮಳೆಗಾಲದಲ್ಲಿ. ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಆರಂಭದಲ್ಲಿ ಒಮ್ಮೆ ಹೊಡೆಯಬೇಕು. 40–45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕು. ಆ ಎರಡನೆಯ ಸಲ ಬರುವ ಹೊತ್ತಿಗೆ ಮಳೆ ಬಿಡುವು ಕೊಡುವುದೇ ಅಪರೂಪ. ಒಂದು ದಿನ ಬೆಳಿಗ್ಗೆ ಮಳೆ ನಿಂತಿದೆ, ಸೋಗೆಯ ತುದಿಯಿಂದ ನೀರು ತೊಟ್ಟಿಕ್ಕುವುದೂ ನಿಂತಿದೆ. ಅಡಿಕೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಊರಿಗೆ ಇರುವವನು ಒಬ್ಬನೇ. ನಿನ್ನೆಯವರೆಗೆ ಒಂದೇ ಆಗಿದ್ದ ತೋಟದ ಎರಡು ತುದಿಗಳಲ್ಲಿ ಇಬ್ಬರು ಅಣ್ಣ-ತಮ್ಮಂದಿರು ಹೊತ್ತು ಏರುವ ಮೊದಲೇ ಡ್ರಮ್ಮಿನಲ್ಲಿ ದ್ರಾವಣ ಕಲಸಿ ಕಾಯುತ್ತಿದ್ದಾರೆ. ಕಲಸಿದ ದ್ರಾವಣವನ್ನು ನಾಳೆಗೆ ಇಡುವಂತಿಲ್ಲ. ಕೊನೆಗೌಡ ಯಾರ ತೋಟಕ್ಕೆ ಮೊದಲು ಹೋಗುತ್ತಾನೆ? ಅವನನ್ನು ಕರೆದು ಚಹಾ ಕೊಟ್ಟು ಕೂರಿಸಿದವರು ಯಾರು? ಆ ಕಿರಿಯ ಸೊಸೆಯಾದರೆ, ಹೇಳಿಕೊಟ್ಟವರಿಲ್ಲದೆ ತಾನೇ ಹಾಗೆ ಮಾಡಿದ್ದರೆ? ನಿಮ್ಮ ಮೊದಲ ಅಧ್ಯಾಯ ಇದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇಲ್ಲಿ ಆಸ್ತಿಯ ಜಗಳ ಎಂಬ ಮಾತನ್ನೇ ಯಾರೂ ಎತ್ತಬೇಕಾಗಿಲ್ಲ.

ಬಳಿಕದ ನಕ್ಷೆಯನ್ನೂ ತೋಟದ ವರ್ಷದ ಮೇಲೆಯೇ ಹಾಸಿ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಕು (ಒಣ ಎಲೆ) ತರುವಾಗ ಬೆಟ್ಟದ ಹಿಸೆ ಎಲ್ಲಿಗೆ ಮುಗಿಯುತ್ತದೆ ಎಂಬ ತಕರಾರು ಏಳಲಿ. ಅಡಿಕೆ ಗೊನೆಗಳ ಕೊಯ್ಲಿನ ಕಾಲಕ್ಕೆ ಒಂದು ಮನೆಯಲ್ಲಿ ಅಡಿಕೆಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡಲಿ, ಇನ್ನೊಂದು ಮನೆಯಲ್ಲಿ ಹಣ್ಣಡಿಕೆಯನ್ನು ಒಣಗಿಸಿ ಚಾಲಿ ಮಾಡಲಿ. ಕೆಂಪಡಿಕೆಗೆ ಸುಲಿಯುವ ಕೈಗಳು ಬೇಕು, ರಾತ್ರಿಯವರೆಗೆ ಅಂಗಳದಲ್ಲಿ ದೀಪ ಬೇಕು, ಮಾತು ಬೇಕು. ಚಾಲಿಗೆ ತಿಂಗಳು ಮೀರಿದ ಬಿಸಿಲೂ ಕಾಯುವ ತಾಳ್ಮೆಯೂ ಬೇಕು. ಯಾವ ಮನೆ ಯಾವುದನ್ನು ಆಯ್ದುಕೊಂಡಿತು ಎಂಬುದರಲ್ಲೇ ಆ ಮನೆಯಲ್ಲಿ ಜನ ಎಷ್ಟು ಉಳಿದಿದ್ದಾರೆ ಎಂಬುದು ಓದುಗನಿಗೆ ತಿಳಿಯುತ್ತದೆ.

ಮಾರಿಕಾಂಬಾ ಜಾತ್ರೆಯಲ್ಲಿ ಕಥೆ ಮುಗಿಸುವ ಆಸೆ ನಿಮ್ಮದು. ಜಾತ್ರೆ ಎರಡು ವರ್ಷಕ್ಕೊಮ್ಮೆ ಎಂಬುದನ್ನು ನೆನಪಿನಲ್ಲಿಟ್ಟು ವರ್ಷ ಗೊತ್ತುಮಾಡಿಕೊಳ್ಳಿ. 2020, 2022, 2024ರಲ್ಲಿ ಜಾತ್ರೆಯಾಗಿದೆ. 2020ನ್ನು ಆರಿಸಿದರೆ ಮಾರ್ಚಿನಲ್ಲಿ ಜಾತ್ರೆ ನಡೆದು, ಅದೇ ತಿಂಗಳ 25ರಿಂದ ಇಡೀ ದೇಶ ಬಾಗಿಲು ಹಾಕಿಕೊಳ್ಳುತ್ತದೆ. ಬೆಂಗಳೂರಿನಿಂದ ಜಾತ್ರೆಗೆಂದು ಬಂದು, ಇನ್ನೆರಡು ವಾರ ಇದ್ದು ಹೋಗೋಣವೆಂದು ಉಳಿದ ಅಕ್ಕನ ಮಗ ಹಿಸೆಯಾದ ಮನೆಯಲ್ಲಿ ಯಾರ ಕಡೆ ಉಣ್ಣುತ್ತಾನೆ? ಅದು ಕೊನೆಗಿಂತಲೂ ಮೂರನೆಯ ಪುಸ್ತಕದ ಆರಂಭಕ್ಕೆ ಹೆಚ್ಚು ಒದಗುತ್ತದೆ. ಇಟ್ಟುಕೊಳ್ಳಿ.

ಪ್ರಶ್ನೆ: ಮೂರು ಪುಸ್ತಕಗಳಲ್ಲಿ ಅಷ್ಟೊಂದು ಜನ. ಅವರ ವಯಸ್ಸು, ಮದುವೆ, ನೆಂಟಸ್ತಿಕೆ ಎಲ್ಲಾದರೂ ತಪ್ಪಿಹೋಗದಂತೆ ಹೇಗೆ ಇಟ್ಟುಕೊಳ್ಳುತ್ತೀರಿ? (ಕಾರವಾರದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ತಂಗೀ, ಉದ್ದನೆಯ ಖಾತೆ ಪುಸ್ತಕವೊಂದು ನನ್ನಲ್ಲಿದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ವಯಸ್ಸನ್ನು ಅಲ್ಲಿ ಬರೆಯುವುದಿಲ್ಲ, ಹುಟ್ಟಿದ ವರ್ಷವನ್ನು ಮಾತ್ರ ಬರೆಯುತ್ತೇನೆ. ಸಾವಿತ್ರಿ 1918, ಗಣಪತಿ 1941, ಮಾಲಿನಿ 1970. ಹೀಗಿದ್ದರೆ 1998ರಲ್ಲಿ ಸಾವಿತ್ರಿಗೆ ಎಂಬತ್ತು ಎಂಬುದು ಕೇಳದೆಯೇ ತಿಳಿಯುತ್ತದೆ. ಎಂಬತ್ತರ ಮುದುಕಿಯನ್ನು ಹೊಸ ಕಾಲನಿಯ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿಸಿ ನಿಲ್ಲಿಸಬಹುದೇ ಎಂದು ಆಗ ಯೋಚಿಸಬೇಕಾಗುತ್ತದೆ. ನಿಲ್ಲಿಸಬಹುದು; ಆದರೆ ಯಾರಾದರೂ ಎದ್ದು ಜಾಗ ಬಿಡಬೇಕು, ಬಿಡದವರು ಯಾರೆಂದು ನನಗೆ ಗೊತ್ತಿರಬೇಕು.

ಪ್ರತಿ ಪುಟದ ಕೆಳಗೆ ಒಂದು ಕಲಮು ಇದೆ. ಎಲ್ಲಕ್ಕಿಂತ ಹೆಚ್ಚು ಬಳಸುವುದು ಅದನ್ನೇ: ಈ ಪುಸ್ತಕ ಮುಗಿಯುವ ಹೊತ್ತಿಗೆ ಇವರಿಗೆ ಏನೇನು ಗೊತ್ತು? ಸರಣಿಯಲ್ಲಿ ಓದುಗರಿಗೆ ಗೊತ್ತಿರುವುದು ಒಂದು, ಪಾತ್ರಗಳಿಗೆ ಗೊತ್ತಿರುವುದು ಇನ್ನೊಂದು. ಬಲೆ ಮಾರಿದ್ದು ಸಾವಿತ್ರಿಗೆ ಗೊತ್ತು, ಹಣ ಮುಟ್ಟಿಲ್ಲವೆಂಬುದು ಗೊತ್ತಿಲ್ಲ. ದಾಮೋದರನಿಗೆ ಎರಡೂ ಗೊತ್ತು, ಆದರೆ ಅವನು ತೀರಿಕೊಂಡಿದ್ದಾನೆ. ತನ್ನ ಮಗನಿಗೆ ಅವನು ಹೇಳಿದ್ದನೇ? ಈ ಕಲಮು ಖಾಲಿ ಇದ್ದರೆ ಮುಂದಿನ ಪುಸ್ತಕದ ಒಂದು ಮಾತುಕತೆಯನ್ನೂ ನೆಮ್ಮದಿಯಿಂದ ಬರೆಯಲಾಗದು.

ನೆಲದ ಖಾತೆ ಬೇರೆ. ಯಾವುದು ಯಾವಾಗ ಬಂತು? ಕೊಂಕಣ ರೈಲ್ವೆಯ ಇಡೀ ಮಾರ್ಗ ತೆರೆದದ್ದು 1998ರ ಜನವರಿ 26ರಂದು, ಆದ್ದರಿಂದ 1990ರ ದೀಪಾವಳಿಗೆ ಮುಂಬೈಯಿಂದ ಬರುವ ಮಗ ಕಾರವಾರಕ್ಕೆ ಬಸ್ಸಿನಲ್ಲೇ ಬರಬೇಕು. ಬಳಿಕ ಬಂದ ರೈಲೂ ಅವನನ್ನು ಪೇಟೆಯ ನಡುವೆ ಇಳಿಸುವುದಿಲ್ಲ, ಶಿರವಾಡದಲ್ಲಿ ಇಳಿಸುತ್ತದೆ. ನೌಕಾನೆಲೆಗೆ ಶಂಕುಸ್ಥಾಪನೆಯಾದದ್ದು 1986ರ ಅಕ್ಟೋಬರ್ 24, ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಅದು ಕಾರ್ಯಾರಂಭಗೊಂಡದ್ದು 2005ರ ಮೇ 31. ನಡುವಿನ ಹತ್ತೊಂಬತ್ತು ವರ್ಷಗಳನ್ನು ಊರಿನವರು ಹೇಗೆ ಬದುಕಿದರು? ಮನೆಗೆ ಹೊಸ ಹಂಚು ಹೊದಿಸಬೇಕೇ ಬೇಡವೇ, ಈ ವರ್ಷ ತೆಂಗಿನ ಸಸಿ ನೆಡಬೇಕೇ ಬೇಡವೇ ಎಂಬ ಅನಿಶ್ಚಯದಲ್ಲಿ ಬದುಕಿದರು. ನನ್ನ ಮೂರನೆಯ ಪುಸ್ತಕ ಹುಟ್ಟಿದ್ದು ಈ ಎರಡು ತಾರೀಖುಗಳನ್ನು ಒಂದೇ ಪುಟದಲ್ಲಿ ಬರೆದಾಗ.

ಕಡಲಿನದು ಇನ್ನೂ ಸೂಕ್ಷ್ಮ. ಉಬ್ಬರ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಸೋಮವಾರ ಬೆಳಗಿನ ಆರಕ್ಕೆ ನೀರು ತುಂಬಿ ಬಂದಿದ್ದರೆ ಮುಂದಿನ ಸೋಮವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಇಳಿತವಿರುತ್ತದೆ. ಒಂದು ವಾರದ ಅಂತರದಲ್ಲಿ ಒಂದೇ ದಡದ ಎರಡು ಮುಂಜಾವುಗಳನ್ನು ಬರೆಯುವವರು ಇದನ್ನು ನೋಡಿಕೊಳ್ಳಬೇಕು. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಉಬ್ಬರ ಹೆಚ್ಚು. ಆ ವರ್ಷದ ಪಂಚಾಂಗ ಎದುರಿಗಿಟ್ಟುಕೊಂಡೇ ನಾನು ಅಧ್ಯಾಯಗಳನ್ನು ಜೋಡಿಸುತ್ತೇನೆ. ಮೀನುಗಾರಿಕೆಯ ನಿಷೇಧಕ್ಕೂ ಇದೇ ಎಚ್ಚರ ಬೇಕು. ಈಗ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಈ ಲೆಕ್ಕವನ್ನು ಎಪ್ಪತ್ತು, ಎಂಬತ್ತರ ದಶಕದ ಕಥೆಗೆ ಹಾಗೆಯೇ ಒಯ್ಯಬಾರದು. ಆಗಿನವರು ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿ ನೂಕುತ್ತಿದ್ದರು. ನಿಮ್ಮ ಅಜ್ಜನನ್ನು ಕೇಳಿ, ಕಾಗದಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಪ್ರಶ್ನೆ: ಶಾರದೆಯನ್ನು ಎರಡನೆಯ ಪುಸ್ತಕದಲ್ಲೇ ಏಕೆ ಸಾಯಿಸಿದಿರಿ? ನಾಲ್ಕನೆಯದರಲ್ಲಿ ಹೇಗಾದರೂ ಮಾಡಿ ತನ್ನಿ. (ಹೊನ್ನಾವರದ ನಿವೃತ್ತ ಶಿಕ್ಷಕಿ)

ಉತ್ತರ: ಅಕ್ಕೋರೇ, ಶಾರದೆ ಬರುವುದಿಲ್ಲ. ಅವಳು ಇದ್ದಿದ್ದರೆ ದಾಮೋದರನ ಪಾಲು ಅದೇ ವಾರ ಮುಟ್ಟುತ್ತಿತ್ತು, ಅಣ್ಣ ಗಣಪತಿಯನ್ನು ಅವಳು ಬಿಡುತ್ತಿರಲಿಲ್ಲ. ಅವಳಿಲ್ಲದ್ದರಿಂದಲೇ ಆ ಬಾಕಿ ಉಳಿಯಿತು, ಆ ಬಾಕಿಯಿಂದಲೇ ನಾಲ್ಕನೆಯ ಕಾದಂಬರಿ ಹುಟ್ಟಿತು. ಅವಳ ಹಸಿರು ಬಳೆಗಳು ಯಾರ ಕೈಯಲ್ಲಿವೆ ಎಂದು ನೀವು ಪತ್ರದ ಕೊನೆಗೆ ಕೇಳಿದ್ದೀರಿ. ಅದಕ್ಕೆ ಉತ್ತರ ಬರಲಿದೆ.

ಪ್ರಶ್ನೆ: ಹಿಂದಿನ ಮೂರನ್ನೂ ಓದದವರು ನೇರವಾಗಿ ನಾಲ್ಕನೆಯದನ್ನು ಹಿಡಿದರೆ? ಆರಂಭದಲ್ಲಿ "ಇದುವರೆಗಿನ ಕಥೆ" ಎಂದು ಕೊಡುತ್ತೀರಾ? (ದಾಂಡೇಲಿಯ ಗ್ರಂಥಾಲಯದ ಓದುಗರು)

ಉತ್ತರ: ಕೊಡುವುದಿಲ್ಲ. ವಾರಪತ್ರಿಕೆಯ ಧಾರಾವಾಹಿಗೆ ಅದು ಬೇಕು. ಅಲ್ಲಿ ಓದುಗ ಕಳೆದ ವಾರದ ಕಂತನ್ನು ಕಳೆದುಕೊಂಡಿರಬಹುದು, ಕಥೆ ಮಾತ್ರ ಒಂದೇ. ಸರಣಿಯ ಪ್ರತಿ ಕಾದಂಬರಿಗೆ ತನ್ನದೇ ಪ್ರಶ್ನೆ ಇರಬೇಕು, ಅದು ತನ್ನಲ್ಲೇ ಮುಗಿಯಬೇಕು. ನಿಮ್ಮ ಗ್ರಂಥಾಲಯದಲ್ಲಿ ಎರಡನೆಯದು ಯಾವಾಗಲೂ ಯಾರದೋ ಮನೆಯಲ್ಲಿರುತ್ತದೆ, ಮೂರನೆಯದು ಕಪಾಟಿನಲ್ಲಿರುತ್ತದೆ ಎಂದು ಬರೆದಿದ್ದೀರಿ. ಅದೇ ವಾಸ್ತವ. ಸಿಕ್ಕ ಪುಸ್ತಕವನ್ನು ಓದುವವರಿಗೆ ಅನ್ಯಾಯವಾಗಬಾರದು.

ಯೋಜಿಸುವಾಗಲೇ ಹಿಂದಿನ ಸಂಗತಿಗಳಲ್ಲಿ ಯಾವುದು ಹೊಸ ಓದುಗನಿಗೆ ನಿಜವಾಗಿ ಬೇಕು ಎಂದು ಆರಿಸುತ್ತೇನೆ. ಬಹಳ ಕಡಿಮೆ ಬೇಕಾಗುತ್ತದೆ. ಈ ಸಲ ಮೂರೇ: ಊರು ಹೋಗಿದೆ, ಬಲೆ ಮಾರಿಹೋಗಿದೆ, ಎರಡು ಮನೆಗಳ ನಡುವೆ ಹಿಂದೆ ಬೇಲಿಯಲ್ಲಿ ಒಂದು ಕಂಡಿ ಇತ್ತು. ಇವನ್ನು ವಿವರಿಸಲು ಯಾರನ್ನೂ ಕೂರಿಸಿ ನೆನಪು ಮಾಡಿಸುವುದಿಲ್ಲ. ಮೊದಲ ಅಧ್ಯಾಯದಲ್ಲಿ ಹೊಸ ಕಾಲನಿಯ ಎರಡು ನಿವೇಶನಗಳ ನಡುವೆ ದಾಮೋದರನ ಮಗ ಸಿಮೆಂಟ್ ಇಟ್ಟಿಗೆಯ ಕಾಂಪೌಂಡ್ ಕಟ್ಟಿಸುತ್ತಿದ್ದಾನೆ. ಸಾವಿತ್ರಿ ಕೋಲೂರಿಕೊಂಡು ಬಂದು ಗಾರೆಯವನಿಗೆ, ಇಲ್ಲಿ ಒಬ್ಬರು ದಾಟುವಷ್ಟು ಜಾಗ ಬಿಡು ಎನ್ನುತ್ತಾಳೆ. ಬಿಡಲು ಮಾಲೀಕರು ಹೇಳಿಲ್ಲ ಎಂದು ಅವನೆನ್ನುತ್ತಾನೆ. ಹಳೆಯ ಓದುಗರಿಗೆ ಇಲ್ಲಿ ಎದೆ ಹಿಂಡಬೇಕು, ಹೊಸಬರಿಗೆ ಕುತೂಹಲವಾಗಬೇಕು. ಇಬ್ಬರಿಗೂ ಒಂದೇ ದೃಶ್ಯ.

ಕುಮಟೆಯಲ್ಲಿರುವ ನನ್ನ ಅತ್ತಿಗೆಗೆ ಹಿಂದಿನ ಪುಸ್ತಕಗಳನ್ನು ಓದಬೇಡಿ ಎಂದು ನಾನೇ ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಮೊದಲ ಮೂರು ಅಧ್ಯಾಯಗಳನ್ನು ಅವರಿಗೆ ಓದಿ ಹೇಳುತ್ತೇನೆ. ಅವರು "ಇವಳು ಯಾರು?" ಎಂದು ಕೇಳಿದರೆ ತೊಂದರೆಯಿಲ್ಲ, ಮುಂದೆ ತಿಳಿಯುತ್ತದೆ. "ಇವಳಿಗೆ ಏಕೆ ಇಷ್ಟು ಸಿಟ್ಟು?" ಎಂದು ಕೇಳಿದರೆ ಆ ಪುಟವನ್ನು ತಿದ್ದುತ್ತೇನೆ.

ಪ್ರಶ್ನೆ: ನಿಮ್ಮ ಊರಿನವರು ಕೊಂಕಣಿ ಮಾತಾಡುವವರು. ಕಾದಂಬರಿ ಕನ್ನಡದಲ್ಲಿದೆ. ಇದನ್ನೂ ಮೊದಲೇ ಯೋಜಿಸುತ್ತೀರಾ? (ಸದಾಶಿವಗಡದ ಓದುಗರು)

ಉತ್ತರ: ಹೌದು. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಸಾವಿತ್ರಿಯ ತಲೆಮಾರಿನ ಕಾರವಾರದ ಎಷ್ಟೋ ಮನೆಗಳಲ್ಲಿ ಮಾತು ಕೊಂಕಣಿ, ಓದು ಮರಾಠಿ. ಮಾಲಿನಿ ಕಲಿತದ್ದು ಕನ್ನಡ ಶಾಲೆಯಲ್ಲಿ. ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಚೀಟಿ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿರಬೇಕೇ, ಕನ್ನಡದಲ್ಲಿರಬೇಕೇ ಎಂದು ಬಹಳ ಯೋಚಿಸಿದೆ. ಬಲೆ ಮಾರಿದ್ದು ಎಪ್ಪತ್ತರ ದಶಕದಲ್ಲಿ, ಆದ್ದರಿಂದ ಕನ್ನಡವೇ ಸರಿ. ಯಾರು ಯಾರೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆಂದು ನಕ್ಷೆಯ ಅಂಚಿನಲ್ಲಿ ಗುರುತು ಮಾಡಿಕೊಳ್ಳುತ್ತೇನೆ. ಬರೆಯುವುದು ಕನ್ನಡದಲ್ಲೇ ಆದರೂ ವಾಕ್ಯದ ನಡಿಗೆ ಬೇರೆಯಾಗುತ್ತದೆ.

ಪ್ರಶ್ನೆ: ನಿಮ್ಮ ಸರಣಿ ಇಂದಿನವರೆಗೆ ಬರುವುದಾದರೆ ಶಿರೂರಿನ ಗುಡ್ಡ ಕುಸಿತ, ಕಾಳಿ ಸೇತುವೆ ಕುಸಿದದ್ದು ಕೊನೆಗೆ ಬರಲೇಬೇಕಲ್ಲವೇ? ಅಷ್ಟು ದೊಡ್ಡ ಅಂತ್ಯ ಬೇರೆಲ್ಲಿ ಸಿಗುತ್ತದೆ? (ಬೆಂಗಳೂರಿನಲ್ಲಿರುವ ಅಂಕೋಲೆಯ ಓದುಗರು)

ಉತ್ತರ: ನಿಮ್ಮ ಪತ್ರ ಪ್ರೀತಿಯಿಂದ ಬರೆದದ್ದು ಎಂದು ಗೊತ್ತು. ಆದರೂ ಇಲ್ಲಿ ನಾನು ನಿಮ್ಮ ಮಾತನ್ನು ಒಪ್ಪಲಾರೆ.

2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಜಾರಿತು. ಚಹಾ ಅಂಗಡಿಯ ಸಂಸಾರ ಹೋಯಿತು, ಲಾರಿ ನಿಲ್ಲಿಸಿಕೊಂಡಿದ್ದವರು ಹೋದರು, ನದಿಯ ಆಚೆ ದಡದ ಮನೆಗಳಿಗೂ ನೀರು ನುಗ್ಗಿತು. ಹುಡುಕಾಟ ವಾರಗಟ್ಟಲೆ ನಡೆಯಿತು. ಅವರ ಮನೆಯವರು ಇನ್ನೂ ನಮ್ಮ ನಡುವೆ ಇದ್ದಾರೆ. ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ನನ್ನ ಕಲ್ಪನೆಯ ಮನೆತನದ ಬಾಕಿಯನ್ನು ತೀರಿಸಲು ಆ ಗುಡ್ಡವನ್ನು ನಾನು ಬಳಸಲಾರೆ. ಕಥೆಗಾರರಿಗೆ ಬಿಡಿಸಲು ಬಾರದ ಗಂಟನ್ನು ಪ್ರಕೃತಿಯ ಕೈಯಲ್ಲಿ ಕತ್ತರಿಸುವುದು ತೀರ ಸುಲಭದ ದಾರಿ. ಮಾಲಿನಿ ಹೇಳಬೇಕೋ ಬೇಡವೋ ಎಂದು ಮುನ್ನೂರು ಪುಟ ತೊಳಲಿದ ಮೇಲೆ, ಕೇಳಬೇಕಾದವನು ಮಣ್ಣಿನಡಿ ಸಿಕ್ಕಿಕೊಂಡರೆ ಅವಳ ತೊಳಲಾಟಕ್ಕೆ ಏನು ಬೆಲೆ ಬಂತು?

ಕಾಳಿ ಸೇತುವೆಯ ವಿಷಯ ಸ್ವಲ್ಪ ಬೇರೆ. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ನಾಲ್ಕು ದಶಕ ಹಳೆಯ ಸೇತುವೆ ಕುಸಿದು, ಒಂದು ಲಾರಿ ಹೊಳೆಗೆ ಬಿತ್ತು. ಚಾಲಕನನ್ನು ಜೀವಸಹಿತ ಮೇಲೆತ್ತಿದರು. ಮೇಲೆತ್ತಿದವರಲ್ಲಿ ಮೀನುಗಾರರೂ ಇದ್ದರು. ಈ ಘಟನೆ ನನ್ನ ಖಾತೆಯಲ್ಲಿದೆ, ಆದರೆ ಅಂತ್ಯವಾಗಿ ಇಲ್ಲ. ಸೇತುವೆ ಕಟ್ಟುವ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ಜನ, ಸಾಮಾನು ಎಲ್ಲ ಹೊಳೆಯ ಮೇಲೆ ತೇಲಿಕೊಂಡೇ ದಾಟಬೇಕಿತ್ತು. ಎರಡನೆಯ ಪುಸ್ತಕದಲ್ಲಿ ದಾಮೋದರ ತನ್ನ ಮದುವೆಯ ದಿಬ್ಬಣವನ್ನು ಹಾಗೆ ದಾಟಿಸಿದ್ದಾನೆ. ಅವನ ಮಗ ಸೇತುವೆಯ ಕಾಲದವನು, ಹೊಳೆ ದಾಟುವುದು ಒಂದು ಕೆಲಸ ಎಂದೇ ಅವನಿಗೆ ತಿಳಿಯದು. ಮುಂದೊಂದು ಪುಸ್ತಕದಲ್ಲಿ ಅವನು ಹೊಳೆಯಲ್ಲಿ ಬಿದ್ದ ಕಂಬಗಳನ್ನು ನೋಡುತ್ತ ಅಪ್ಪನ ದಿಬ್ಬಣದ ಕಥೆಯನ್ನು ಯಾರಿಂದಲೋ ಕೇಳಬಹುದು. ಅಷ್ಟೇ ಸಾಕು. ನಿಜವಾಗಿ ನಡೆದ ಘಟನೆ ಸರಣಿಯೊಳಗೆ ಬರುವುದಾದರೆ ನನ್ನ ಜನರ ಹಳೆಯ ಮಾತೊಂದನ್ನು ಅದು ಮುಂದಕ್ಕೆ ಒಯ್ಯಬೇಕು. ಕಥೆಗೆ ಗದ್ದಲ ಒದಗಿಸಲಿಕ್ಕಾಗಿ ಬರಬಾರದು.

ಪ್ರಶ್ನೆ: ಯೋಜನೆಯನ್ನು ಕಂಪ್ಯೂಟರಿನಲ್ಲಿ ಮಾಡುತ್ತೀರೋ ಕಾಗದದಲ್ಲೋ? (ಭಟ್ಕಳ)

ಉತ್ತರ: ಖಾತೆ ಪುಸ್ತಕ ಕಾಗದದ್ದು. ಅಧ್ಯಾಯಗಳ ನಕ್ಷೆ ರಟ್ಟಿನ ಚೀಟಿಗಳಲ್ಲಿ, ಒಂದು ಚೀಟಿಗೆ ಒಂದು ಅಧ್ಯಾಯ. ಊಟದ ಮೇಜಿನ ಮೇಲೆ ಹರಡಿ ಹಿಂದೆ ಮುಂದೆ ಮಾಡಬಹುದು. ಕಾದಂಬರಿಯನ್ನು ಟೈಪ್ ಮಾಡುವುದು ಕಂಪ್ಯೂಟರಿನಲ್ಲೇ.

ಪ್ರಶ್ನೆ: ಒಟ್ಟು ಎಷ್ಟು ಪುಸ್ತಕ? ಎಲ್ಲಿ ನಿಲ್ಲಿಸಬೇಕೆಂದು ಹೇಗೆ ತಿಳಿಯುತ್ತದೆ? (ಸಿದ್ದಾಪುರದ ದಂಪತಿ)

ಉತ್ತರ: ಐದು. ಮೊದಲ ಪುಸ್ತಕ ಬರೆಯುವಾಗ ಈ ಲೆಕ್ಕ ಇರಲಿಲ್ಲ. ಎರಡನೆಯದು ಮುಗಿದಾಗ ಬಾಕಿಗಳ ಪಟ್ಟಿ ಎರಡು ಪುಟ ತುಂಬಿತ್ತು. ಮೂರನೆಯದರ ಬಳಿಕ ಅದು ಒಂದು ಪುಟಕ್ಕೆ ಇಳಿದಿದೆ. ನಾಲ್ಕನೆಯದರಲ್ಲಿ ಬಲೆಯ ವಿಷಯ ಒಂದು ದಡ ಸೇರಿದರೆ ಉಳಿಯುವುದು ಎರಡೇ ಸಾಲು, ಎರಡೂ ಮಾಲಿನಿಯ ಮಗಳಿಗೆ ಸಂಬಂಧಿಸಿದವು. ಪಟ್ಟಿ ಬರಿದಾದ ಮೇಲೂ ಓದುಗರ ಪ್ರೀತಿಗಾಗಿ ಹೊಸ ಬಾಕಿಗಳನ್ನು ಹುಟ್ಟಿಸಿ ಆರನೆಯದನ್ನು ಬರೆಯುವ ಮನಸ್ಸು ನನಗಿಲ್ಲ.

ಕೊನೆಗೆ ನಿಮ್ಮಿಂದ ನನಗೊಂದು ಸಹಾಯ ಬೇಕು. ಕೋಡಿಬಾಗ–ಸದಾಶಿವಗಡಗಳ ನಡುವೆ ಸೇತುವೆಗೆ ಮುಂಚೆ ಹೊಳೆ ದಾಟಿದ ನೆನಪುಳ್ಳವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ಬರೆದು ಕಳಿಸಿ: ಮಳೆಗಾಲದಲ್ಲಿ ಹೊಳೆ ತುಂಬಿದಾಗ ದಾಟಿಸುತ್ತಿದ್ದರೇ, ಕತ್ತಲಾದ ಮೇಲೆ ಕೊನೆಯ ಸರದಿ ಎಷ್ಟು ಹೊತ್ತಿಗಿತ್ತು, ತಪ್ಪಿದವರು ರಾತ್ರಿ ಎಲ್ಲಿ ಉಳಿಯುತ್ತಿದ್ದರು, ದಿಬ್ಬಣಕ್ಕೆ ಬೇರೆ ದರವಿತ್ತೇ. ಪತ್ರಗಳನ್ನು ಪತ್ರಿಕೆಯ ವಿಳಾಸಕ್ಕೇ ಕಳಿಸಬಹುದು. ಹದಿನಾಲ್ಕನೆಯ ಅಧ್ಯಾಯದ ಚೀಟಿಯಲ್ಲಿ ಅದಕ್ಕಾಗಿ ಜಾಗ ಬಿಟ್ಟಿದ್ದೇನೆ.